ಹಣ ಏಕೆ ಬಂದಿಲ್ಲ ಎಂದು ಹೇಳಬಲ್ಲ ವ್ಯವಸ್ಥೆ

ಸರ್ಕಾರಿ ಸೌಲಭ್ಯಗಳ ತಂತ್ರಜ್ಞಾನ ಜನಸ್ನೇಹಿಯಾಗಬೇಕು ಎಂಬ ಮಾತು ಎದ್ದಾಗಲೆಲ್ಲ ಚರ್ಚೆ ಬಹುಬೇಗ ಪರದೆಯ ಅಂದಚೆಂದದ ಕಡೆಗೆ ಹೊರಳುತ್ತದೆ. ಅಕ್ಷರ ದೊಡ್ಡದಿರಲಿ, ಬಟನ್‌ಗಳು ಎದ್ದು ಕಾಣಲಿ, ಆ್ಯಪ್ ಬೇಗ ತೆರೆದುಕೊಳ್ಳಲಿ ಎಂಬ ಸಲಹೆಗಳು ಬರುತ್ತವೆ. ಇವೆಲ್ಲ ಬೇಕಾದವೇ. ಆದರೆ ತುಮಕೂರು ಜಿಲ್ಲೆಯ ನಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕುಳಿತು, ನಿವೃತ್ತಿಯ ನಂತರದ ಬಿಡುವಿನಲ್ಲಿ ಜನರ ಅರ್ಜಿ, ಪಾಸ್‌ಬುಕ್, ಪಡಿತರ ಚೀಟಿಗಳ ತೊಡಕು ಬಿಡಿಸಲು ನೆರವಾಗುತ್ತಿರುವ ನನಗೆ ಕಂಡಿರುವುದೇನೆಂದರೆ, ಸೌಲಭ್ಯ ಪಡೆಯುವವರಲ್ಲಿ ಹೆಚ್ಚಿನವರು ಆ ಪರದೆಯನ್ನು ಮುಟ್ಟುವುದೇ ಇಲ್ಲ. ಮುಟ್ಟುವವರು ಗ್ರಾಮ ಒನ್ ಕೇಂದ್ರದ ಆಪರೇಟರ್, ನಾಡಕಚೇರಿಯ ಸಿಬ್ಬಂದಿ, ಸೈಬರ್ ಅಂಗಡಿಯ ಹುಡುಗ, ಇಲ್ಲವೇ ಕಾಲೇಜಿಗೆ ಹೋಗುವ ಮೊಮ್ಮಗಳು. ಅರ್ಜಿ ಹಾಕುವ ಕಷ್ಟವನ್ನು ಹೀಗೆ ಯಾರಾದರೊಬ್ಬರು ಹೊತ್ತುಕೊಳ್ಳುತ್ತಾರೆ. ಯಾರೂ ಹೊರಲಾರದ ಕಷ್ಟ ಬರುವುದು ಅನಂತರ, ಬರುತ್ತಿದ್ದ ಕಂತು ಇದ್ದಕ್ಕಿದ್ದಂತೆ ನಿಂತಾಗ. ಅರಿವು ಕೇಂದ್ರಕ್ಕೆ ಬರುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಪ್ರಶ್ನೆ, ‘ಸರ್, ಈ ತಿಂಗಳು ದುಡ್ಡು ಯಾಕೆ ಬಂದಿಲ್ಲ?’ ಎಂಬುದೇ. ಈ ಪ್ರಶ್ನೆಗೆ ಕನ್ನಡದಲ್ಲಿ, ಒಂದೆರಡು ವಾಕ್ಯಗಳಲ್ಲಿ, ಮುಂದೆ ಏನು ಮಾಡಬೇಕೆಂಬುದನ್ನೂ ಸೇರಿಸಿ ಉತ್ತರ ಕೊಡಬಲ್ಲ ವ್ಯವಸ್ಥೆಯನ್ನು ಮಾತ್ರ ನಾನು ಜನಸ್ನೇಹಿ ಎಂದು ಕರೆಯಬಲ್ಲೆ.

2023ರಲ್ಲಿ ಕರ್ನಾಟಕದಲ್ಲಿ ಒಂದರ ಹಿಂದೊಂದು ಜಾರಿಗೆ ಬಂದ ಗ್ಯಾರಂಟಿ ಯೋಜನೆಗಳನ್ನು ರಾಜಕೀಯದ ದೃಷ್ಟಿಯಿಂದ ಚರ್ಚಿಸಿದವರು ಬಹಳ ಮಂದಿ. ಅವುಗಳ ವಿನ್ಯಾಸವನ್ನು ಹೋಲಿಸಿ ನೋಡಿದವರು ಕಡಿಮೆ. ಒಂದೇ ಸರ್ಕಾರ, ಕೆಲವೇ ತಿಂಗಳ ಅಂತರದಲ್ಲಿ, ಹೆಚ್ಚುಕಡಿಮೆ ಅದೇ ಜನರಿಗಾಗಿ ರೂಪಿಸಿದ ಈ ಯೋಜನೆಗಳಲ್ಲಿ ಪ್ರತಿಯೊಂದರ ಬಾಗಿಲೂ ಬೇರೆ ಬೇರೆಯಾಗಿತ್ತು. ಜೂನ್ 11ರಂದು ಆರಂಭವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಗೆ ಅರ್ಜಿಯೇ ಇರಲಿಲ್ಲ. ರಾಜ್ಯದ ನಿವಾಸಿ ಎಂದು ತೋರಿಸುವ ಗುರುತಿನ ಚೀಟಿಯನ್ನು ಕಂಡಕ್ಟರ್‌ಗೆ ತೋರಿಸಿದರೆ ಶೂನ್ಯ ಟಿಕೆಟ್ ಕೈಗೆ ಬರುತ್ತಿತ್ತು. ಆ ಟಿಕೆಟ್‌ಗಳ ಲೆಕ್ಕ ಹಿಡಿದು ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವುದು ಸರ್ಕಾರದ ಪಾಡು. ಮೂರು ತಿಂಗಳೊಳಗೆ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ ಸ್ಮಾರ್ಟ್ ಕಾರ್ಡ್ ಪಡೆಯಬೇಕು ಎಂಬ ಮಾತು ಮೊದಲ ಆದೇಶದಲ್ಲಿ ಇತ್ತಾದರೂ, ಆ ಅವಧಿ ಮುಗಿದ ಮೇಲೂ ಗುರುತಿನ ಚೀಟಿಯ ಮೇಲೆಯೇ ಪ್ರಯಾಣ ಮುಂದುವರಿಯಿತು. ಲೆಕ್ಕವಿಡುವ ಹೊರೆಯನ್ನು ಸರ್ಕಾರವೇ ಹೊತ್ತು, ಪ್ರಯಾಣಿಕರ ಪಾಲಿಗೆ ಚೀಟಿ ತೋರಿಸುವ ಕೆಲಸವನ್ನಷ್ಟೇ ಬಿಟ್ಟ ಈ ವಿನ್ಯಾಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಕಥೆ ಇನ್ನೊಂದು ಬಗೆಯದು. ಅಕ್ಕಿ ಹೊಂದಿಸಲಾಗದೆ ಜುಲೈ 2023ರಿಂದ ಕೆ.ಜಿ.ಗೆ 34 ರೂಪಾಯಿಯಂತೆ, ಐದು ಕೆ.ಜಿ.ಗೆ ಪ್ರತಿಯೊಬ್ಬರಿಗೆ 170 ರೂಪಾಯಿಯನ್ನು ಕುಟುಂಬದ ಮುಖ್ಯಸ್ಥರ ಖಾತೆಗೆ ಹಾಕಲು ಸರ್ಕಾರ ನಿರ್ಧರಿಸಿತು. ಇಲ್ಲಿಯೂ ಅರ್ಜಿ ಇರಲಿಲ್ಲ. ಪಡಿತರ ಚೀಟಿಯ ದತ್ತಾಂಶವೇ ಸಾಕಾಗಿತ್ತು. ಆದರೆ ಅಕ್ಕಿಯನ್ನು ನ್ಯಾಯಬೆಲೆ ಅಂಗಡಿಯಿಂದ ಚೀಲದಲ್ಲಿ ಹೊತ್ತು ತರುತ್ತಿದ್ದ ಮನೆಗಳಿಗೆ ಆಗ ಆಧಾರ್ ಜೋಡಣೆಯಾದ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ ಅಗತ್ಯವಾಯಿತು. ಇನ್ನು ಗೃಹಲಕ್ಷ್ಮಿಗೆ ಅರ್ಜಿಯೂ ಬೇಕಿತ್ತು, ಖಾತೆಯೂ ಬೇಕಿತ್ತು. ಜುಲೈ 19ರಂದು ನೋಂದಣಿ ಆರಂಭವಾಗಿ, ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2000 ರೂಪಾಯಿ ಸಲ್ಲಬೇಕು. ಆಕೆಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿದಾರರಾಗಿರಬಾರದು. ಅಂದರೆ ಆಹಾರ ಇಲಾಖೆ, ಆಧಾರ್ ಪ್ರಾಧಿಕಾರ, ಬ್ಯಾಂಕು, ತೆರಿಗೆ ಇಲಾಖೆ ಇವಿಷ್ಟರ ಕಡತಗಳೂ ಒಬ್ಬಳೇ ಮಹಿಳೆಯ ಬಗ್ಗೆ ಒಂದೇ ಮಾತು ಹೇಳಿದರೆ ಮಾತ್ರ ಹಣ ಬರುತ್ತದೆ. ಇವುಗಳಲ್ಲಿ ಯಾವುದೋ ಒಂದು ಬೇರೆ ಮಾತು ಹೇಳಿದರೆ ಹಣ ನಿಲ್ಲುತ್ತದೆ, ಮತ್ತು ತಕರಾರು ತೆಗೆದದ್ದು ಯಾವ ಕಡತ ಎಂಬುದು ಆಕೆಗೆ ತಿಳಿಯುವುದಿಲ್ಲ.

ಹಣ ಬ್ಯಾಂಕಿಗೆ ತಲುಪುವ ದಾರಿಯನ್ನೇ ನೋಡೋಣ, ಏಕೆಂದರೆ ನಾನು ಕಂಡ ತೊಡಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಸಿಕ್ಕಿಕೊಂಡಿರುತ್ತವೆ. ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಇಲಾಖೆಯು ಖಾತೆ ಸಂಖ್ಯೆಗೆ ಹಣ ಕಳುಹಿಸುವುದಿಲ್ಲ. ಆಧಾರ್ ಸಂಖ್ಯೆಗೆ ಕಳುಹಿಸುತ್ತದೆ. ಆ ಸಂಖ್ಯೆ ಯಾವ ಬ್ಯಾಂಕಿಗೆ ಸೇರಿದ್ದು ಎಂಬುದನ್ನು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಇಟ್ಟುಕೊಂಡಿರುವ ಒಂದು ಪಟ್ಟಿ ಹೇಳುತ್ತದೆ. ಆ ಪಟ್ಟಿಯಲ್ಲಿ ಇರುವುದು ಬ್ಯಾಂಕಿನ ಗುರುತು ಮಾತ್ರ. ಯಾವ ಖಾತೆ ಎಂಬುದನ್ನು ಬ್ಯಾಂಕು ತನ್ನೊಳಗೆ ಹುಡುಕಿಕೊಳ್ಳುತ್ತದೆ. ಒಬ್ಬರ ಹೆಸರಿನಲ್ಲಿ ನಾಲ್ಕು ಬ್ಯಾಂಕುಗಳಲ್ಲಿ ಖಾತೆ ಇದ್ದರೂ ಈ ಪಟ್ಟಿಯಲ್ಲಿ ಒಂದು ಬ್ಯಾಂಕಿಗೆ ಮಾತ್ರ ಜಾಗ, ಮತ್ತು ಕೊನೆಯದಾಗಿ ಜೋಡಣೆಯಾದ ಬ್ಯಾಂಕೇ ಅಲ್ಲಿ ಉಳಿಯುತ್ತದೆ. ಬ್ಯಾಂಕಿನಲ್ಲಿ ಕೆವೈಸಿಗೆಂದು, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗೆಂದು, ಆಧಾರ್ ಪ್ರತಿ ಕೊಡುವುದೂ, ಸರ್ಕಾರದ ಹಣ ಪಡೆಯಲು ಈ ಪಟ್ಟಿಯಲ್ಲಿ ಹೆಸರು ಸೇರಿಸುವುದೂ ಎರಡು ಬೇರೆ ಕೆಲಸಗಳು. ಎರಡನೆಯದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನ ಕೌಂಟರ್‌ನಲ್ಲಿ ಹೇಳಿದ್ದೂ ಸುಳ್ಳಲ್ಲ, ‘ಲಿಂಕ್ ಆಗಿಲ್ಲ’ ಎಂದು ಯೋಜನೆಯ ಕಚೇರಿಯಲ್ಲಿ ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಜೋಡಣೆಗಳ ಬಗ್ಗೆ ಮಾತಾಡುತ್ತಿರುತ್ತಾರೆ. ನಡುವೆ ಬಸ್ಸಿನ ಖರ್ಚು ಮಾಡಿಕೊಂಡು, ಕೂಲಿ ಬಿಟ್ಟು ಓಡಾಡುವಾಕೆಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಈ ಏರ್ಪಾಡಿನಲ್ಲಿ ಅಪಾಯವಿದೆ ಎಂಬುದು 2017ರಲ್ಲಿಯೇ ದೇಶಕ್ಕೆ ಗೊತ್ತಾಗಿತ್ತು. ಆ ವರ್ಷ ಮೊಬೈಲ್ ಸಿಮ್‌ಗೆ ಆಧಾರ್ ಪರಿಶೀಲನೆ ಮಾಡಿಸಿಕೊಳ್ಳಲು ಹೋದ ಲಕ್ಷಾಂತರ ಗ್ರಾಹಕರಿಗೆ ಅರಿವಿಲ್ಲದಂತೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆಗಳು ತೆರೆದುಕೊಂಡು, ಅಡುಗೆ ಅನಿಲದ ಸಬ್ಸಿಡಿ ಹಣ ಅತ್ತ ಹರಿದಿತ್ತು. ಆಧಾರ್ ಪ್ರಾಧಿಕಾರವು ಆ ಸಂಸ್ಥೆಯ ಇ-ಕೆವೈಸಿ ಪರವಾನಗಿಯನ್ನು ಡಿಸೆಂಬರ್‌ನಲ್ಲಿ ತಡೆಹಿಡಿಯಿತು. ಸಬ್ಸಿಡಿ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ ಹುಡುಕಾಡಿದವರ ಪಾಡು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಇಂದು ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡುವ ಅವಕಾಶವಿದೆ, ನೇರ ವರ್ಗಾವಣೆಯ ಹಣದ ಸ್ಥಿತಿ ತೋರಿಸುವ ಡಿಬಿಟಿ ಕರ್ನಾಟಕ ಎಂಬ ಆ್ಯಪ್ ಕೂಡ ಇದೆ. ಎರಡೂ ಒಳ್ಳೆಯ ಹೆಜ್ಜೆಗಳು. ಆದರೆ ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಆಧಾರ್ ಮಾಡಿಸಿದ ಕಾಲದಲ್ಲಿ ಕೊಟ್ಟಿದ್ದ ಸಂಖ್ಯೆ ರೀಚಾರ್ಜ್ ಇಲ್ಲದೆ ಎಂದೋ ಕೈತಪ್ಪಿ ಹೋಗಿರುವ ವೃದ್ಧೆಗೆ ಅವು ತೆರೆಯುವುದಿಲ್ಲ. ಹಣ ನಿಂತಿರುವುದು ಹೆಚ್ಚಾಗಿ ಇಂಥವರದೇ ಎಂಬುದನ್ನು ವಿನ್ಯಾಸಕಾರರು ಗಮನಿಸಬೇಕು.

ಹೆಸರಿನ ತೊಡಕು ಇದಕ್ಕಿಂತ ಹಳೆಯದು. ನಮ್ಮ ಹೆಸರುಗಳನ್ನು ಕನ್ನಡದಲ್ಲಿ ಬರೆದರೆ ಗೊಂದಲವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಪ್ರತಿ ಕಚೇರಿಯ ಟೈಪಿಂಗ್ ಮೇಜಿನಲ್ಲಿ ಒಂದೊಂದು ರೂಪ ಹುಟ್ಟುತ್ತದೆ. ಲಕ್ಷ್ಮಮ್ಮ ಎಂಬ ಒಂದೇ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಬುಕ್‌ನಲ್ಲಿ ಇನ್ನೊಂದು ಬಗೆ, ಪಡಿತರ ಚೀಟಿಯಲ್ಲಿ ಮೂರನೆಯ ಬಗೆ ಇರುವುದು ನಮ್ಮ ಕಡೆ ಸಾಮಾನ್ಯ. ಗಂಡನ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಪಹಣಿಯಲ್ಲಿ ಹೆಸರು ಕನ್ನಡದಲ್ಲಿದೆ, ತೀರಿಹೋದ ಮಾವನ ಹೆಸರಿನಲ್ಲಿದೆ. ಇವುಗಳನ್ನು ಹೊಂದಿಸಿ ನೋಡುವ ತಂತ್ರಾಂಶವು ಕನ್ನಡ ಹೆಸರುಗಳ ಸ್ವಭಾವವನ್ನು ತಿಳಿದು ಬರೆದದ್ದಾಗಿರಬೇಕು: ದೀರ್ಘ, ಒತ್ತಕ್ಷರ, ಮಹಾಪ್ರಾಣಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂಬುದಕ್ಕೆ ನಿಯಮಗಳಿವೆ, ಅವುಗಳನ್ನು ತಂತ್ರಾಂಶಕ್ಕೆ ಕಲಿಸುವುದು ಬೆಂಗಳೂರಿನಂಥ ಊರಿಗೆ ಅಸಾಧ್ಯದ ಕೆಲಸವೇನಲ್ಲ. ಹುಟ್ಟಿದ ದಿನಾಂಕದ ಕಥೆಯೂ ಇಂಥದೇ. ಹುಟ್ಟಿದ ವರ್ಷ ಮಾತ್ರ ಅಂದಾಜಿನಲ್ಲಿ ತಿಳಿದಿದ್ದ ಹಿರಿಯರಿಗೆಲ್ಲ ಆಧಾರ್‌ನಲ್ಲಿ ಜನವರಿ 1 ಎಂದು ನಮೂದಾಗಿರುವುದರಿಂದ, 65 ದಾಟಿದವರಿಗೆ ಸಲ್ಲಬೇಕಾದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕುವಾಗ ಮತದಾರರ ಚೀಟಿಯ ವಯಸ್ಸಿಗೂ ಆಧಾರ್ ವಯಸ್ಸಿಗೂ ತಾಳೆಯಾಗದೆ ಪರದಾಡುವುದನ್ನು ನೋಡಿದ್ದೇನೆ.

ಬೆರಳಚ್ಚಿನ ವಿಷಯದಲ್ಲಿ ನಿಯಮ ಸ್ಪಷ್ಟವಾಗಿಯೇ ಇದೆ. ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ ಆಧಾರ್ ಜೋಡಣೆಯಾಗದೆ ಪಡಿತರ ಚೀಟಿ ರದ್ದಾಗಿದ್ದ ಕುಟುಂಬವೊಂದರ ಹನ್ನೊಂದು ವರ್ಷದ ಹುಡುಗಿ 2017ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಸುದ್ದಿ ದೇಶವನ್ನು ಕಲಕಿದ ಬಳಿಕ, ಅಕ್ಟೋಬರ್ 24ರಂದು ಕೇಂದ್ರದ ಆಹಾರ ಇಲಾಖೆಯು ಆಧಾರ್ ಇಲ್ಲವೆಂದಾಗಲಿ ಬಯೋಮೆಟ್ರಿಕ್ ಹೊಂದಲಿಲ್ಲವೆಂದಾಗಲಿ ಪಡಿತರ ನಿರಾಕರಿಸಬಾರದು ಎಂದು ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸಲ್ಲಿಸಿದ್ದ ಅರ್ಜಿಯಿಂದ ಮೊದಲಾದ ಪ್ರಕರಣದಲ್ಲಿ, 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ವ್ಯಕ್ತಿಯ ಘನತೆ ಮತ್ತು ಹಕ್ಕುಗಳು ಯಂತ್ರಗಳ ಲೆಕ್ಕಾಚಾರ ಹಾಗೂ ಸಂಭವನೀಯತೆಗಳನ್ನು ಅವಲಂಬಿಸಿರಬಾರದು ಎಂದರು. ಅಡಿಕೆ ಸುಲಿದು ಕಪ್ಪಾದ, ಬೀಡಿ ಕಟ್ಟಿ ಸವೆದ, ಇಟ್ಟಿಗೆ ಹೊತ್ತು ಒರಟಾದ ಬೆರಳುಗಳನ್ನು ಯಂತ್ರ ಒಪ್ಪದೆ ಮತ್ತೆ ಮತ್ತೆ ಒತ್ತಿಸುವಾಗ ಈ ಮಾತಿನ ತೂಕ ತಿಳಿಯುತ್ತದೆ. ವಿನಾಯಿತಿಯ ದಾರಿ ಸುತ್ತೋಲೆಯಲ್ಲಿದ್ದರೆ ಸಾಲದು, ಯಂತ್ರದ ಪರದೆಯ ಮೇಲೆಯೇ ಇರಬೇಕು. ಮೂರು ಬಾರಿ ಬೆರಳಚ್ಚು ಹೊಂದದಿದ್ದರೆ ಮುಂದಿನ ದಾರಿಯನ್ನು ಯಂತ್ರವೇ ತಾನಾಗಿ ತೆರೆಯಬೇಕು. ಅಂಗಡಿಯವನ ದಯೆಗೆ ಅದನ್ನು ಬಿಡಬಾರದು.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾರದವರು ಮತ್ತು ದೃಷ್ಟಿ ಇಲ್ಲದವರು, ಕಣ್ಣು ಮಿಟುಕಿಸಿ ಜೀವಂತಿಕೆ ಸಾಬೀತುಪಡಿಸುವಂತೆ ಕೇಳುವ ಇ-ಕೆವೈಸಿ ವಿಧಾನವನ್ನು ಪ್ರಶ್ನಿಸಿದ್ದರು. ಡಿಜಿಟಲ್ ಸೇವೆಗಳನ್ನು ತಲುಪುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿ, ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ಸುಲಭವಾಗಿ ಬಳಸಬಲ್ಲ ತಂತ್ರಜ್ಞಾನವನ್ನು ಇನ್ನು ಮೇಲೆ ಇಲಾಖೆಯ ಔದಾರ್ಯವೆಂದು ಕೇಳಬೇಕಾಗಿಲ್ಲ, ಹಕ್ಕಿನಿಂದ ಕೇಳಬಹುದು.

ಇಷ್ಟು ಹೇಳಿದ ಮೇಲೆ ಭೂಮಿ ಯೋಜನೆಯನ್ನು ನೆನೆಯಲೇಬೇಕು. ಈ ಶತಮಾನದ ಆರಂಭದಲ್ಲಿ, ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ಏರ್ಪಾಡು ಕರ್ನಾಟಕದಲ್ಲಿ ಆಯಿತು. ಆ ಯೋಜನೆಯ ಎರಡು ಸಂಗತಿಗಳು ನನ್ನನ್ನು ಇಂದಿಗೂ ಕಾಡುತ್ತವೆ. ಮೊದಲನೆಯದು, ಕೌಂಟರಿನಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆ ಇರುತ್ತಿತ್ತು. ಒಳಗೆ ಏನು ನಮೂದಾಗುತ್ತಿದೆ ಎಂಬುದನ್ನು ಆತ ನಿಂತಲ್ಲಿಂದಲೇ ನೋಡಬಹುದಾಗಿತ್ತು. ಎರಡನೆಯದು, ಆ ವ್ಯವಸ್ಥೆಯಲ್ಲಿ ಬೆರಳಚ್ಚು ಕೊಡಬೇಕಾಗಿದ್ದವರು ಅಧಿಕಾರಿಗಳು. ಜಮೀನಿನ ಖಾತೆ ಬದಲಾವಣೆಗೆ ಅನುಮೋದನೆ ಕೊಟ್ಟವರು ಆಮೇಲೆ ‘ನಾನು ಮಾಡಿದ್ದಲ್ಲ’ ಎನ್ನದಂತೆ, ಅವರ ಬೆರಳೇ ಸಾಕ್ಷಿಯಾಗುವಂತೆ ಅದನ್ನು ರೂಪಿಸಲಾಗಿತ್ತು. ಆ ಯೋಜನೆಗೆ ಅದರದೇ ಕುಂದುಗಳಿದ್ದವು. ಅವುಗಳ ಚರ್ಚೆ ಬೇರೆಯದು. ಆದರೆ ಯಂತ್ರದ ಮುಂದೆ ಉತ್ತರದಾಯಿಯಾಗಿ ನಿಂತವರು ಆಗ ಅಧಿಕಾರದಲ್ಲಿದ್ದವರು. ಈಗ ಅಂಥ ಯಂತ್ರದ ಮುಂದೆಯೇ ತಾನು ತಾನೇ ಎಂದು ತಿಂಗಳು ತಿಂಗಳು ರುಜುವಾತು ಮಾಡಬೇಕಾದವಳು ಪಡಿತರಕ್ಕೆ ಬಂದ ಅಜ್ಜಿ.

ಅನರ್ಹರನ್ನು ತೆಗೆಯಬೇಡವೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಸಾರ್ವಜನಿಕ ಹಣ ತಪ್ಪು ಕೈಗೆ ಹೋಗಬಾರದು. ಆದರೆ ಅನರ್ಹರನ್ನು ತೆಗೆಯುವ ವಿಧಾನಕ್ಕೂ ವಿನ್ಯಾಸ ಬೇಕು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದುಪಡಿಸುವ, ಎಪಿಎಲ್‌ಗೆ ಬದಲಾಯಿಸುವ ಕಾರ್ಯ ನಡೆದಾಗ ಅರ್ಹ ಬಡವರ ಕಾರ್ಡುಗಳೂ ಅದರಲ್ಲಿ ಸೇರಿಹೋದವು. ಟೀಕೆ ಬಲವಾದ ಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಹರಿಯಾಣದಲ್ಲಿ ದಾಖಲೆಯಲ್ಲಿ ಸತ್ತವರೆಂದು ನಮೂದಾಗಿ ಪಿಂಚಣಿ ನಿಂತ 102 ವರ್ಷದ ವೃದ್ಧರೊಬ್ಬರು 2022ರಲ್ಲಿ ರೋಹ್ಟಕ್‌ನಲ್ಲಿ ಮದುವೆಯ ದಿಬ್ಬಣದಂತೆ ರಥವೇರಿ ಮೆರವಣಿಗೆ ಹೊರಟು, ತಾವು ಬದುಕಿದ್ದೇವೆ ಎಂದು ತೋರಿಸಬೇಕಾಗಿ ಬಂದಿತ್ತು. ಎರಡೂ ಕಡೆ ಕೊರತೆಯಿದ್ದದ್ದು ಒಂದೇ ವಿಷಯದಲ್ಲಿ: ನಿಲ್ಲಿಸುವುದಕ್ಕೆ ಮೊದಲು ಕೇಳಲಿಲ್ಲ. ಕಾರಣ ತಿಳಿಸಿ, ಉತ್ತರಿಸಲು ಕಾಲಾವಕಾಶ ಕೊಟ್ಟು, ಉತ್ತರ ಬಾರದಿದ್ದರೆ ಗ್ರಾಮ ಆಡಳಿತಾಧಿಕಾರಿ ಮನೆಗೆ ಹೋಗಿ ನೋಡಿ ಬಂದ ನಂತರವೇ ಹಣ ನಿಲ್ಲಬೇಕು. ಇದು ಆಗದ ಮಾತಲ್ಲ. ಪಡಿತರ ದತ್ತಾಂಶದಿಂದ ವೃದ್ಧರನ್ನು ಗುರುತಿಸಿ, ಸಿಬ್ಬಂದಿಯೇ ಮನೆಗೆ ಹೋಗಿ ಪರಿಶೀಲಿಸಿ ಪಿಂಚಣಿ ಮಂಜೂರು ಮಾಡುವ ಕೆಲಸವನ್ನು ನಮ್ಮ ಕಂದಾಯ ಇಲಾಖೆ ‘ಮನೆ ಬಾಗಿಲಿಗೆ ಮಾಸಾಶನ’ದ ಹೆಸರಿನಲ್ಲಿ ಮಾಡಿ ತೋರಿಸಿದೆ. ಕೊಡುವುದಕ್ಕೆ ಮನೆ ಬಾಗಿಲಿಗೆ ಹೋಗಬಲ್ಲ ಇಲಾಖೆ, ನಿಲ್ಲಿಸುವ ಮೊದಲೂ ಹೋಗಬಲ್ಲದು.

ಕಾರಣ ತಿಳಿಸುವುದಕ್ಕೆ ಹೊಸ ಕಾನೂನೂ ಬೇಕಾಗಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಡಿ) ಕಲಮು, ಆಡಳಿತಾತ್ಮಕ ತೀರ್ಮಾನಗಳಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎನ್ನುತ್ತದೆ. ಕಂತು ನಿಂತ ದಿನವೇ ಮೊಬೈಲ್‌ಗೆ ಹೀಗೊಂದು ಸಂದೇಶ ಬಂದರೆ ಸಾಕು: ‘ನಿಮ್ಮ ಗೃಹಲಕ್ಷ್ಮಿಯ ಜುಲೈ ಕಂತು ಇಂಥ ಬ್ಯಾಂಕಿನಿಂದ ಹಿಂದಿರುಗಿದೆ. ಕಾರಣ: ಖಾತೆ ಚಾಲ್ತಿಯಲ್ಲಿಲ್ಲ. ಬ್ಯಾಂಕಿನಲ್ಲಿ ಖಾತೆಯನ್ನು ಚಾಲ್ತಿ ಮಾಡಿಸಿದರೆ ಹಣ ಮರಳಿ ಬರುತ್ತದೆ. ಮೇಲ್ಮನವಿ: ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿ.’ ಓದಲು ಬಾರದವರಿಗೆ ಇದೇ ಮಾತುಗಳನ್ನು ದೂರವಾಣಿ ಕರೆಯಲ್ಲಿ ಧ್ವನಿಯಾಗಿ ಕೇಳಿಸಬಹುದು. ತೆರಿಗೆ ಪಾವತಿದಾರರೆಂದು ತಪ್ಪಾಗಿ ಗುರುತಾದವರಿಗೆ, ಅಂದರೆ ಬ್ಯಾಂಕ್ ಸಾಲಕ್ಕೆ ಬೇಕೆಂದು ಎಂದೋ ರಿಟರ್ನ್ ಸಲ್ಲಿಸಿ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟದವರಿಗೆ, ಆ ದಾಖಲೆ ಯಾವ ವರ್ಷದ್ದು ಎಂಬುದನ್ನಾದರೂ ತಿಳಿಸಬೇಕು. ಇಲ್ಲವಾದರೆ ಅವರು ಯಾವುದನ್ನು ಅಲ್ಲಗಳೆಯಬೇಕು?

ಕೊನೆಯದಾಗಿ ಗ್ರಾಮ ಒನ್ ಆಪರೇಟರ್‌ಗಳ ಬಗ್ಗೆ. ಅವರನ್ನು ದೂರುವವರು ಬಹಳ, ಆದರೆ ಅವರ ಆದಾಯ ಬರುವುದು ಸಲ್ಲಿಸಿದ ಸೇವೆಗಳ ಶುಲ್ಕದಿಂದ. ಅರ್ಜಿ ಹಾಕಿದರೆ ಅವರಿಗೆ ಹಣವಿದೆ. ಬಂದವರ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಅರ್ಧ ಗಂಟೆ ಹುಡುಕಿ ತಿಳಿಹೇಳಿದರೆ ಏನೂ ಇಲ್ಲ. ‘ಹಣ ಬಾರದ ಕಾರಣ ಪರಿಶೀಲನೆ’ ಎಂಬುದನ್ನೇ ಒಂದು ಸೇವೆಯೆಂದು ಪಟ್ಟಿಗೆ ಸೇರಿಸಿ, ಶುಲ್ಕವನ್ನು ಸರ್ಕಾರವೇ ಭರಿಸಿ, ಎಲ್ಲ ಯೋಜನೆಗಳ ಪಾವತಿ ಸ್ಥಿತಿಯನ್ನು ಪಡಿತರ ಚೀಟಿಯ ಸಂಖ್ಯೆಯಿಂದಲೇ, ಕೇಳಲು ಬಂದವರು ಎದುರಿಗಿದ್ದಾಗ ಮಾತ್ರ, ನೋಡುವ ಸೀಮಿತ ಅವಕಾಶವನ್ನು ಅವರಿಗೆ ಕೊಡಬೇಕು. ಪರಿಶೀಲನೆಯ ಫಲಿತಾಂಶ ಕನ್ನಡದಲ್ಲಿ ಮುದ್ರಿತ ಚೀಟಿಯಾಗಿ ಕೇಳಲು ಬಂದವರ ಕೈಗೆ ಬರಬೇಕು. 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಸರ್ಕಾರಿ ಸೇವೆಗಳನ್ನು ಗೊತ್ತಾದ ದಿನಗಳೊಳಗೆ ಕೊಡಿಸುವ ‘ಸಕಾಲ’ ಯೋಜನೆಯಲ್ಲಿ ಅರ್ಜಿಗೆ 15 ಅಂಕಿಗಳ ಸಂಖ್ಯೆ, ನಿಗದಿತ ಅವಧಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂಬ ಏರ್ಪಾಡು ಈಗಾಗಲೇ ಇದೆ. ನಿಂತ ಕಂತನ್ನು ಸರಿಪಡಿಸುವ ಕೋರಿಕೆಗೂ ಅದೇ ಸಂಖ್ಯೆ, ಅದೇ ಅವಧಿ, ಅದೇ ಪರಿಹಾರ ಅನ್ವಯವಾಗಬೇಕು. ಜೊತೆಗೆ ಭೂಮಿ ಕೌಂಟರುಗಳಲ್ಲಿದ್ದ ಎರಡನೆಯ ಪರದೆಯನ್ನು ಪ್ರತಿ ಗ್ರಾಮ ಒನ್ ಮೇಜಿನ ಮೇಲೆ ಇಡಬೇಕು. ಈ ಬೇಡಿಕೆಗಳನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿ ಇ-ಆಡಳಿತ ಇಲಾಖೆಗೆ ಕಳುಹಿಸಲು ನಮ್ಮ ಪಂಚಾಯಿತಿಯ ಕೆಲವರು ಸೇರಿ ಮನವಿ ಬರೆಯುತ್ತಿದ್ದೇವೆ. ನಿಮ್ಮ ಪಂಚಾಯಿತಿಯಲ್ಲಿಯೂ ಇದನ್ನು ಮಂಡಿಸುವುದಾದರೆ, ಕಂತು ನಿಂತವರ ಪಟ್ಟಿಯನ್ನು ಕಾರಣಸಹಿತ ಕೇಳುವ ಒಂದು ಸಾಲನ್ನು ಅದರಲ್ಲಿ ತಪ್ಪದೆ ಸೇರಿಸಿ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಮಾತ್ರ ಆ ಪಟ್ಟಿಯಲ್ಲಿ ಕೇಳಬೇಡಿ.